ಕೆಂಪು ಗುರುತಿನ ಬಾಟಲಿ

ನಾನು ಅನಕ್ಷರಸ್ಥೆ ಎಂದು ಆ ಕಾಗದದ ಮೊದಲ ಸಾಲಿನಲ್ಲೇ ಬರೆದಿದ್ದರು. ಅದು ಸುಳ್ಳು. ಏಳನೇ ತರಗತಿಯವರೆಗೆ ಓದಿದ್ದೇನೆ. ಅಕ್ಷರ ಕೂಡಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ, ಆದರೆ ಓದುತ್ತೇನೆ. ಯಾರೂ ಹೇಳದೆ ನನ್ನಷ್ಟಕ್ಕೆ ನಾನೇ ಬಾಟಲಿಗಳಿಗೆ ಬ್ಲೀಚಿಂಗ್ ಪುಡಿ ಹಾಕಿದೆ ಎಂದು ಎರಡನೇ ಸಾಲಿನಲ್ಲಿತ್ತು. ಅದೂ ಸುಳ್ಳು. ಮೂರನೇ ಸಾಲಿನಲ್ಲಿ ನನ್ನ ಹೆಸರು ಮಾತ್ರ ಸರಿಯಾಗಿತ್ತು. ಹನ್ನೊಂದು ವರ್ಷ ಆ ಕಟ್ಟಡದಲ್ಲಿ ದುಡಿದಿದ್ದೆ. ಅಲ್ಲಿ ಯಾರಾದರೂ ನನ್ನ ಹೆಸರನ್ನು ಪೂರ್ತಿಯಾಗಿ ಬರೆದದ್ದು ಅದೇ ಮೊದಲು.

ಆ ಕಾಗದ ಹೇಗೆ ಹುಟ್ಟಿತು ಎಂದು ಹೇಳುತ್ತೇನೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ನಾನಿದ್ದದ್ದು ನೀರು ಪರೀಕ್ಷೆ ಮಾಡುವ ಸರ್ಕಾರಿ ಪ್ರಯೋಗಾಲಯದಲ್ಲಿ. ಊರಿನ ನಲ್ಲಿಗಳಿಂದ ನೀರು ಬಾಟಲಿಗಳಲ್ಲಿ ಬರುತ್ತದೆ. ಒಳಗಿನವರು ಪರೀಕ್ಷಿಸಿ, ಕುಡಿಯಬಹುದು ಅಥವಾ ಕುಡಿಯಬಾರದು ಎಂದು ಬರೆಯುತ್ತಾರೆ. ನನ್ನ ಕೆಲಸ ತೊಳೆಯುವುದು. ಬೆಳಿಗ್ಗೆ ಎಂಟಕ್ಕೆ ಹಿಂದಿನ ಬಾಗಿಲಿನಿಂದ ಒಳಹೊಕ್ಕರೆ ಸಂಜೆ ಐದರ ತನಕ ಕಲ್ಲಿನ ತೊಟ್ಟಿಯ ಮುಂದೆ ನಿಂತಿರಬೇಕು. ಕೂರಲು ಸ್ಟೂಲಿಲ್ಲ. ಮೊದಲು ಇತ್ತು, ಒಳಗೆ ಪ್ರಿಂಟರ್ ಬಂದಾಗ ಅದನ್ನಿಡಲು ಬೇಕೆಂದು ಒಯ್ದರು. ದಿನಕ್ಕೆ ಮುನ್ನೂರು ಗಾಜಿನ ನಳಿಕೆ. ಒಂದೊಂದಕ್ಕೂ ಬ್ರಷ್ಷು ಇಳಿಸಿ ಹನ್ನೆರಡು ಸುತ್ತು ತಿರುಗಿಸಬೇಕು. ಸಂಜೆಯ ಹೊತ್ತಿಗೆ ಮಣಿಕಟ್ಟು ಬೇರೆಯವರದ್ದು ಅನ್ನಿಸುತ್ತದೆ. ಗ್ಲೌಸ್ ಕೇಳಿದರೆ "ಬರುತ್ತೆ ಬರುತ್ತೆ" ಅನ್ನುತ್ತಿದ್ದರು. ಸೋಪು, ಆಸಿಡ್ಡು ತಿಂದು ತಿಂದು ನನ್ನ ಬೆರಳುಗಳಲ್ಲಿ ಗೆರೆಯೇ ಉಳಿದಿಲ್ಲ. ಹಾಜರಿ ಯಂತ್ರದ ಮೇಲೆ ಬೆರಳಿಟ್ಟರೆ ಅದು ಗುರುತು ಹಿಡಿಯುವುದಿಲ್ಲ. ಗೇಟಿನ ಕಾವಲುಗಾರ ದಿನಾ ನಗುತ್ತಿದ್ದ. "ಏನಮ್ಮ, ಇವತ್ತೂ ನೀನು ಬಂದೇ ಇಲ್ವಂತೆ!" ನಾನೂ ನಗುತ್ತಿದ್ದೆ. ನಗದೆ ಏನು ಮಾಡಲಿ, ಅವನೊಬ್ಬನೇ ಮಾತಾಡಿಸುತ್ತಿದ್ದದ್ದು.

ಪರೀಕ್ಷೆ ಹೇಗೆ ಎಂಬುದು ನನಗೆ ಗೊತ್ತು. ನಳಿಕೆಗಳಲ್ಲಿ ನೇರಳೆ ಬಣ್ಣದ ತಿಳಿಸಾರಿನಂಥದ್ದು ಇರುತ್ತದೆ. ಅದಕ್ಕೆ ನೀರು ಹಾಕಿ ಬಿಸಿ ಕಪಾಟಿನಲ್ಲಿ ಎರಡು ದಿನ ಇಡುತ್ತಾರೆ. ನೀರು ಒಳ್ಳೆಯದಾಗಿದ್ದರೆ ನೇರಳೆ ಹಾಗೇ ಇರುತ್ತದೆ. ನೀರಿನಲ್ಲಿ ಮಲದ ಹುಳ ಇದ್ದರೆ ಹಳದಿಯಾಗುತ್ತದೆ. ಒಳಗೆ ಬೋರಲು ಹಾಕಿದ ಪುಟ್ಟ ನಳಿಕೆಯಲ್ಲಿ ಗಾಳಿಗುಳ್ಳೆ ಏಳುತ್ತದೆ. ಇದನ್ನು ಯಾರೂ ನನಗೆ ಹೇಳಿಕೊಟ್ಟಿಲ್ಲ. ವರ್ಷಗಟ್ಟಲೆ ಹಳದಿಯನ್ನು ತೊಟ್ಟಿಗೆ ಸುರಿದವಳಿಗೆ ಹೇಳಿಕೊಡುವ ಅಗತ್ಯವೂ ಇಲ್ಲ.

ನಮ್ಮ ಮನೆ ಕೆಳಗಿನ ಓಣಿಯಲ್ಲಿ. ಊರಿನ ಮೋರಿಗಳೆಲ್ಲ ಬಂದು ಕೂಡುವ ಕಡೆ. ಮೋರಿ ಬಳಿಯುವವರು, ಕಸ ಆಯುವವರು, ಸತ್ತ ನಾಯಿ ಎತ್ತುವವರು, ಎಲ್ಲ ನಾವೇ. ಊರನ್ನು ಚೊಕ್ಕಟ ಮಾಡುವವರೆಲ್ಲ ಒಂದೇ ಕಡೆ ಇದ್ದೇವೆ, ಆದ್ದರಿಂದ ಆ ಕಡೆ ಹೊಲಸು ಎಂದು ಊರಿನವರ ತೀರ್ಮಾನ. ನಮಗೆ ಕುಡಿಯುವ ನೀರಿನ ಪೈಪು ಬರುವುದು ಮೋರಿಯೊಳಗೇ ಹಾದು. ನೀರಿನ ಬಾಟಲಿ ತುಂಬಿಸಿ ತರುವ ನೌಕರ ಬೈಕಿನಲ್ಲಿ ಊರೆಲ್ಲ ಸುತ್ತುತ್ತಾನೆ, ನಮ್ಮ ಓಣಿಯ ಬಾಯಿಗೆ ಬಂದರೆ ಮಾತ್ರ ಬೈಕು ತಿರುಗಿಸುತ್ತಾನೆ. "ನೀನು ಹೇಗೂ ಅಲ್ಲಿಂದ್ಲೇ ಬರ್ತೀಯಲ್ಲ, ನೀನೇ ತುಂಬ್ಕೊಂಡು ಬಾ" ಎಂದ. ತಿಂಗಳಿಗೊಂದು ಸಲ ಓಣಿಯ ನಲ್ಲಿಯಿಂದ ಬಾಟಲಿ ತುಂಬಿಸಿ ಸೆರಗಿನಲ್ಲಿ ಸುತ್ತಿಕೊಂಡು ಬರುವುದು ನನ್ನ ಕೆಲಸವಾಯಿತು. ಅದಕ್ಕೆ ನನಗೆ ಹೆಮ್ಮೆ. ನಲ್ಲಿಯ ಮುಂದಿನ ಹೆಂಗಸರು ಕೊಡ ಸರಿಸಿ ನನಗೆ ಮೊದಲು ಬಿಡುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಹೊಸ ಮುಖ್ಯ ಕೆಮಿಸ್ಟ್ ಬಂದರು. ಸದಾ ಕೈಯಲ್ಲಿ ಮಡಿಸಿದ ಕರ್ಚೀಫು. ಬೆನ್ನ ಹಿಂದೆ ನಾವು ಅವರನ್ನು ಕರ್ಚೀಫ್ ಸಾಹೇಬರು ಅನ್ನುತ್ತಿದ್ದೆವು. ಕೆಟ್ಟ ಮನುಷ್ಯರಲ್ಲ, ಯಾರಿಗೂ ಗದರಿದವರಲ್ಲ. ಬಂದ ಮೊದಲ ತಿಂಗಳು ನಮ್ಮ ಓಣಿಯ ಬಾಟಲಿ ಉಳಿದ ಬಾಟಲಿಗಳ ಜೊತೆ ಒಂದೇ ಹಲಗೆಯ ಮೇಲಿರುವುದನ್ನು ನೋಡಿದರು. ಕರ್ಚೀಫು ಮೂಗಿಗೆ ಹೋಯಿತು.

"ಇದನ್ನ ಯಾರು ಇಲ್ಲಿಟ್ಟಿದ್ದು?"

"ನಾನೇ ಸರ್. ತೊಳೆದಿದ್ದೀನಿ."

"ಅಲ್ಲಮ್ಮ, ಆ ಜಾಗದ್ದು ಇದರ ಜೊತೆ ಇಡ್ತಾರಾ? ಅದಕ್ಕೊಂದು ಗುರುತು ಹಾಕು. ಬೇರೆ ಬಕೆಟ್ ಇಟ್ಕೋ. ನಮ್ಮ ಮಷಿನ್ನಿಗೂ ಹಾಕ್ಬೇಡ. ಬ್ಲೀಚಿಂಗ್ ನೀರಲ್ಲಿ ನೆನೆಸು, ಆಯ್ತು."

ಮಷಿನ್ನು ಅಂದರೆ ಹಬೆಯಲ್ಲಿ ಬಾಟಲಿ ಬೇಯಿಸುವ ದೊಡ್ಡ ಕುಕ್ಕರ್. ಪರೀಕ್ಷೆಗೆ ಹೋಗುವ ಬಾಟಲಿ ಯಾವುದೇ ಇರಲಿ, ತೊಳೆದ ಮೇಲೆ ಅದರಲ್ಲಿ ಬೇಯಬೇಕು. ನಮ್ಮ ಓಣಿಯದ್ದಕ್ಕೆ ಆ ಭಾಗ್ಯ ಇಲ್ಲ.

"ನೆನೆಸಿದ ಮೇಲೆ ಮತ್ತೆ ನೀರಲ್ಲಿ ಜಾಲಿಸ್ಲಾ ಸರ್?"

"ಏನೂ ಬೇಡ. ಹಾಗೇ ಮುಚ್ಚಿಡು. ಬ್ಲೀಚಿಂಗ್ ಇದ್ರೆ ಒಳ್ಳೇದೇ."

ಬಾಟಲಿಯ ತಳಕ್ಕೆ ಕೆಂಪು ಪೇಂಟು ಬಳಿದೆ. ಹಾಗೆ ಆರು ಬಾಟಲಿ. ಅವಕ್ಕೆ ಬೇರೆ ಬಕೆಟ್, ಬೇರೆ ಬ್ರಷ್ಷು, ಬಾಗಿಲ ಹಿಂದೆ ಬೇರೆ ಮೂಲೆ. ಮುಖಕ್ಕೆ ಉಗುಳಿದ ಹಾಗಾಗಿತ್ತು ನನಗೆ, ಸುಳ್ಳು ಹೇಳುವುದಿಲ್ಲ. ಆದರೆ ನಾನು ಮಾಡಿದ್ದೇನು? ಒಂದು ಚಮಚ ಪುಡಿ ಹಾಕು ಎಂದಿದ್ದರು. ಎರಡು ಹಾಕಿದೆ. ನಮ್ಮ ಓಣಿಯ ಬಾಟಲಿ ನಾರುತ್ತದೆ ಎಂದು ಇನ್ನೊಬ್ಬರು ಮೂಗು ಮುಚ್ಚಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಪ್ರತಿ ತಿಂಗಳೂ ಎರಡು ಚಮಚ. ನಾಲ್ಕು ವರ್ಷ.

ಅಲ್ಲಿಂದಾಚೆ ನಮ್ಮ ಓಣಿಯ ನಳಿಕೆಗಳು ಒಂದು ಸಲವೂ ಹಳದಿಯಾಗಲಿಲ್ಲ. ಮೊದಲೆಲ್ಲ ವರ್ಷಕ್ಕೆ ಆರೇಳು ಸಲ ಆಗುತ್ತಿತ್ತು. ಪೈಪು ರಿಪೇರಿ ಮಾಡಿದ್ದಾರೆ ಅಂದುಕೊಂಡೆ. ಯಾರು ಮಾಡಿದರು, ಯಾವಾಗ ಮಾಡಿದರು, ಓಣಿಯಲ್ಲೇ ಇದ್ದ ನಾನು ಯಾಕೆ ಕಾಣಲಿಲ್ಲ ಎಂದು ಕೇಳಿಕೊಳ್ಳಲಿಲ್ಲ. ನೀರು ವಾಸನೆ ಅನ್ನುತ್ತಾ ಓಣಿಯವರು ಕಚೇರಿಗೆ ಹೋದರೆ ವರದಿ ತೋರಿಸಿ ಕಳಿಸುತ್ತಿದ್ದರು. ವಾಪಸು ಬಂದವರು ನನ್ನನ್ನು ಕೇಳುತ್ತಿದ್ದರು. "ಹೌದು, ನಾನೇ ಕಣ್ಣಾರೆ ನೋಡಿದ್ದೀನಿ, ನೇರಳೆ ಅಂದ್ರೆ ನೇರಳೆ" ಅನ್ನುತ್ತಿದ್ದೆ.

ಎರಡು ವರ್ಷದ ಹಿಂದೆ ನನ್ನ ತಂಗಿಯ ಮಗು ಸತ್ತಿತು. ಒಂದೂವರೆ ವರ್ಷದ ಗಂಡು. ಭೇದಿ ಶುರುವಾಗಿ ಮೂರನೇ ದಿನಕ್ಕೆ ಕಣ್ಣು ಗುಳಿ ಬಿದ್ದವು. ಅಳಲು ಬಾಯಿ ತೆರೆದರೆ ಸದ್ದು ಬರುತ್ತಿರಲಿಲ್ಲ, ಕಣ್ಣೀರೂ ಬರುತ್ತಿರಲಿಲ್ಲ. ತಂಗಿ ಚಮಚದಲ್ಲಿ ನೀರು ಕುಡಿಸುತ್ತಲೇ ಇದ್ದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಹೋಯಿತು.

ಮಾರನೆಯ ವಾರ ಆರೋಗ್ಯ ಇಲಾಖೆಯ ಹೆಂಗಸು ಒಬ್ಬಳು ಪುಸ್ತಕ ಹಿಡಿದು ಬಂದಳು. ಹೊಸ್ತಿಲಾಚೆ ನಿಂತೇ ಕೇಳಿದಳು. "ಮಗೂನ ತೊಳೆದ ಮೇಲೆ ಕೈ ತೊಳ್ಕೋತಿದ್ಯಾ? ಸೋಪು ಹಾಕ್ತಿದ್ಯಾ? ಕಸ ಆಯ್ದ ಕೈಯಲ್ಲೇ ತಿನ್ನಿಸ್ತಿದ್ಯಾ?" ತಂಗಿ ಕಸ ಬೇರ್ಪಡಿಸುವ ಕೆಲಸದವಳು. ಎಲ್ಲದಕ್ಕೂ ತಲೆಯಾಡಿಸಿದಳು. ಏನು ಕೇಳಿದರೆಂದು ಅವಳಿಗೆ ತಿಳಿದಿತ್ತೋ ಇಲ್ಲವೋ. ಆ ಹೆಂಗಸು ಬರೆದುಕೊಂಡಳು: ನೀರು ಯೋಗ್ಯ, ಪ್ರಯೋಗಾಲಯದ ವರದಿ ಇದೆ. ಸಾವಿಗೆ ಕಾರಣ ತಾಯಿಯ ಅಶುಚಿತ್ವ. ಜೋರಾಗಿ ಓದಿ ಹೇಳಿದಳು. ತಂಗಿಯ ಗಂಡ ಅಲ್ಲೇ ಗೋಡೆಗೆ ಒರಗಿ ನಿಂತಿದ್ದ. ತಿಂಗಳೊಳಗೆ ಅವಳನ್ನೂ ಎಂಟು ವರ್ಷದ ಮಗಳನ್ನೂ ನನ್ನ ಮನೆ ಬಾಗಿಲಿಗೆ ತಂದು ಬಿಟ್ಟ. "ಮಗು ಕೊಂದವಳ ಕೈಯಲ್ಲಿ ನಾನು ಉಣ್ಣಲ್ಲ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿ ಹೋದ.

ನಾನೇನು ಕಡಿಮೆಯೇ? ತಂಗಿ ಒಂದು ದಿನ, "ಅಕ್ಕ, ನೀರೇ ಏನೋ ಆಗಿರ್ಬೇಕು ಕಣೇ" ಅಂದಳು. ನನಗೆ ಸಿಟ್ಟು ನೆತ್ತಿಗೇರಿತು. ನಾನು ತುಂಬಿದ ಬಾಟಲಿ, ನಾನು ತೊಳೆದ ಬಾಟಲಿ, ನನ್ನ ಲ್ಯಾಬು. "ನೀರು ನೆಟ್ಟಗಿದೆ. ನೆಟ್ಟಗಿಲ್ಲದ್ದು ನಿನ್ನ ಕೈ" ಎಂದೆ. ಅವತ್ತಿನಿಂದ ಅವಳ ಮಗಳಿಗೆ ಊಟ ಹಾಕುವುದು, ನೀರು ಕೊಡುವುದು ಎಲ್ಲ ನಾನೇ ಮಾಡಿದೆ. ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲ. ಅವಳೂ ಬರಲಿಲ್ಲ.

ಕಳೆದ ತಿಂಗಳು ಪ್ರಯೋಗಾಲಯಕ್ಕೆ ಸುದ್ದಿ ಬಂತು. ನೀರನ್ನು ಪರೀಕ್ಷೆ ಮಾಡುವವರನ್ನೇ ಪರೀಕ್ಷೆ ಮಾಡಲು ಬರುತ್ತಾರಂತೆ. ಮೂರು ದಿನ ಇರುತ್ತಾರಂತೆ, ಪಾಸಾದರೆ ದೊಡ್ಡ ಪ್ರಮಾಣಪತ್ರವಂತೆ. ಕಟ್ಟಡಕ್ಕೆ ಚಳಿ ಹಿಡಿಯಿತು. ಬಿಸಿ ಕಪಾಟಿನ ಶಾಖವನ್ನು ದಿನಾ ಎರಡು ಸಲ ನೋಡಿ ಪುಸ್ತಕದಲ್ಲಿ ಬರೆಯಬೇಕು. ನಾಲ್ಕು ತಿಂಗಳಿಂದ ಯಾರೂ ಬರೆದಿರಲಿಲ್ಲ. ಇಬ್ಬರು ಟೆಕ್ನೀಷಿಯನ್ನರು ಒಂದೇ ಮಧ್ಯಾಹ್ನ ಕೂತು ನಾಲ್ಕು ತಿಂಗಳದ್ದನ್ನು ಬರೆದರು. ಅನುಮಾನ ಬಾರದಿರಲೆಂದು ಮಧ್ಯೆ ಮಧ್ಯೆ ಪೆನ್ನು ಬದಲಿಸುತ್ತಿದ್ದರು. "ಈ ಭಾನುವಾರಕ್ಕೂ ಬರೆದ್ಯಲ್ಲೋ, ಭಾನುವಾರ ನಿಮ್ಮಪ್ಪ ಬಂದಿದ್ನಾ?" ಎಂದು ಒಬ್ಬ ಇನ್ನೊಬ್ಬನಿಗೆ ಅಂದ. ಬಿದ್ದು ಬಿದ್ದು ನಕ್ಕರು.

ಕರ್ಚೀಫ್ ಸಾಹೇಬರು ನನ್ನನ್ನು ಕರೆದು ಹೇಳಿದರು. "ಮೂರು ದಿನ ಹಿಂದಿನ ಕೋಣೆಯಿಂದ ಈಚೆ ಬರ್ಬೇಡ. ಯಾರಾದ್ರೂ ಏನಾದ್ರೂ ಕೇಳಿದ್ರೆ ಗೊತ್ತಿಲ್ಲ ಅನ್ನು."

"ಗೊತ್ತಿದ್ರೆ ಸರ್?"

"ನಿನಗೆ ಏನು ಗೊತ್ತಿರುತ್ತಮ್ಮ?" ಎಂದರು. ಬೈದದ್ದಲ್ಲ, ನಿಜಕ್ಕೂ ಕೇಳಿದ್ದು.

ಬಂದವರಲ್ಲಿ ಮುಖ್ಯಳಾದವಳು ನರೆಗೂದಲಿನ ಹೆಂಗಸು. ಚಪ್ಪಲಿ ಸವೆದಿತ್ತು, ಹೆಗಲಲ್ಲಿ ಬಟ್ಟೆಯ ಚೀಲ. ಸೋಮವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಒಬ್ಬಳೇ ಹಿಂದಿನ ಕೋಣೆಗೆ ಬಂದಳು. ನಾನು ತೊಟ್ಟಿಗೆ ಬಗ್ಗಿದ್ದೆ.

"ಲ್ಯಾಬ್ ಹೇಗಿದೆ ಅಂತ ತಿಳೀಬೇಕಾದ್ರೆ ತೊಳೆಯೋ ಕೋಣೆಗೆ ಬರ್ಬೇಕು" ಎಂದಳು. "ಹೇಗೆ ತೊಳೀತೀರಿ, ಹೇಳ್ತೀರಾ?"

'ತೊಳೀತೀರಿ' ಅಂದಳು. ಹನ್ನೊಂದು ವರ್ಷದಲ್ಲಿ ಯಾರೂ ನನಗೆ ಬಹುವಚನ ಕೊಟ್ಟಿರಲಿಲ್ಲ. ನಾಲಿಗೆ ತಾನಾಗಿ ಬಿಚ್ಚಿಕೊಂಡಿತು. ಸೋಪು ಎಷ್ಟು, ಬ್ರಷ್ಷಿನ ಸುತ್ತು ಎಷ್ಟು, ಬಿಸಿನೀರಿನಲ್ಲಿ ಎಷ್ಟು ಸಲ, ಕುಕ್ಕರಿನಲ್ಲಿ ಎಷ್ಟು ಹೊತ್ತು, ಎಲ್ಲ ಹೇಳಿದೆ. ಅವಳು ಬರೆದುಕೊಳ್ಳುತ್ತಿದ್ದಳು. ನಾನು ಉಬ್ಬಿ ಹೋದೆ. ಬಾಗಿಲ ಹಿಂದಿನ ಮೂಲೆಯನ್ನೂ ತೋರಿಸಿದೆ. "ಇವು ನಮ್ಮ ಓಣಿಯವು, ಬೇರೆ ಇಡ್ತೀವಿ. ಇವಕ್ಕೆ ಡಬ್ಬಲ್ ಶುದ್ಧಿ" ಎಂದೆ.

ಅವಳು ಒಂದು ಬಾಟಲಿಯ ಮುಚ್ಚಳ ತೆಗೆದಳು. ಮೂಗಿನ ಹತ್ತಿರ ಹಿಡಿದಳು. ತಳದಲ್ಲಿ ಒಂದು ಬೆರಳಷ್ಟು ಬ್ಲೀಚಿಂಗ್ ನೀರು ನಿಂತಿತ್ತು.

"ಇದನ್ನ ಚೆಲ್ಲಿ ಆಮೇಲೆ ಜಾಲಿಸ್ತೀರಿ, ಅಲ್ವಾ?"

"ಇಲ್ಲ. ಹಾಗೇ ನಲ್ಲಿಗೆ ಹಿಡಿಯೋದು."

ಆರೂ ಬಾಟಲಿ ತೆಗೆದು ಮೂಸಿದಳು. ಎಷ್ಟು ದಿನದಿಂದ ಎಂದು ಕೇಳಿದಳು. ನಾಲ್ಕು ವರ್ಷ ಎಂದೆ. ಅವಳು ತೊಟ್ಟಿಯ ಅಂಚಿಗೆ ಕೈ ಊರಿದಳು.

"ನೋಡಿ, ಬ್ಲೀಚಿಂಗ್ ಪುಡಿ ಹುಳಾನ ಕೊಲ್ಲುತ್ತೆ. ಈ ಬಾಟಲೀಲಿ ಮೋರಿ ನೀರು ತುಂಬಿದ್ರೂ ಇಲ್ಲಿಗೆ ಬರೋ ಅಷ್ಟರಲ್ಲಿ ಹುಳ ಸತ್ತಿರುತ್ತೆ. ಪರೀಕ್ಷೇಲಿ ಏನೂ ಕಾಣಲ್ಲ."

ನನಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಅರ್ಥವಾಗದಿದ್ದರೆ ಚೆನ್ನಾಗಿತ್ತು. ಬ್ರಷ್ಷು ತೊಟ್ಟಿಗೆ ಬಿತ್ತು. ಎರಡು ಚಮಚ ಹಾಕುತ್ತಿದ್ದ ನನ್ನ ಕೈಯೇ ಕಣ್ಣ ಮುಂದೆ ಬಂತು.

"ಒಂದು ಒಳ್ಳೆ ಬಾಟಲಿ ಕೊಡಿ" ಎಂದೆ. "ಕುಕ್ಕರಲ್ಲಿ ಬೆಂದಿದ್ದು. ಈಗ್ಲೇ ತುಂಬ್ಕೊಂಡು ಬರ್ತೀನಿ."

ಅವಳು ಮೇಲಿನ ಹಲಗೆಯಿಂದ ಕಾಗದ ಸುತ್ತಿದ ಬಾಟಲಿ ತೆಗೆದು ಕೊಟ್ಟಳು. ನಾನು ಓಡಿದೆ. ಮುಂದಿನ ಬಾಗಿಲಿನಿಂದ ಓಡಿದೆ, ಯಾರು ನೋಡಿದರೋ ನೋಡಲಿಲ್ಲ. ತುಂಬಿಸಿ ತಂದದ್ದನ್ನು ಅವಳು ತಾನೇ ನಿಂತು ಐದು ನಳಿಕೆಗಳಿಗೆ ಹಾಕಿಸಿ ಬಿಸಿ ಕಪಾಟಿನಲ್ಲಿಟ್ಟಳು. ಬುಧವಾರ ನೋಡೋಣ ಎಂದಳು.

ಆ ಎರಡು ದಿನದ ಬಗ್ಗೆ ನಾಚಿಕೆ ಬಿಟ್ಟು ಹೇಳುತ್ತೇನೆ. ನೇರಳೆಯಾಗಿಯೇ ಇರಲಿ ಎಂದು ಬೇಡಿಕೊಂಡೆ. ನೀರು ಒಳ್ಳೆಯದಾಗಿರಲಿ, ತಪ್ಪು ತಂಗಿಯದ್ದೇ ಆಗಿರಲಿ. ಎರಡು ವರ್ಷ ಹೊತ್ತವಳು ಇನ್ನೂ ಹೊರಲಿ, ನನ್ನ ತಲೆಗೆ ಮಾತ್ರ ಬಾರದಿರಲಿ. ಹಾಗೇ ಬೇಡಿಕೊಂಡೆ. ಮನೆಯಲ್ಲಿ ನೀರು ಕುದಿಸಿ ಇಟ್ಟೆ. "ಯಾಕಕ್ಕ ನೀರು ಕಾಯಿಸ್ತಿದ್ದೀಯ?" ಎಂದಳು ತಂಗಿ. ಗಂಟಲು ಕೆರೆತ ಎಂದೆ.

ಬುಧವಾರ ಬೆಳಿಗ್ಗೆ ನರೆಗೂದಲಿನವಳು ನನ್ನನ್ನು ಒಳಗೆ ಕರೆದಳು. ಪರೀಕ್ಷೆಯ ಕೋಣೆಗೆ ನಾನು ಹೋಗಿದ್ದು ನೆಲ ಒರೆಸಲು ಮಾತ್ರ. ಮೇಜಿನ ಮೇಲೆ ಐದು ನಳಿಕೆ. ಐದೂ ಹಳದಿ. ಐದರಲ್ಲೂ ಗುಳ್ಳೆ ತುಂಬಿ ಒಳಗಿನ ಪುಟ್ಟ ನಳಿಕೆ ಮೇಲಕ್ಕೆದ್ದು ತೇಲುತ್ತಿತ್ತು. ಅಷ್ಟು ಕೆಟ್ಟ ಹಳದಿಯನ್ನು ನಾನು ಯಾವತ್ತೂ ತೊಳೆದಿರಲಿಲ್ಲ.

ಮಧ್ಯಾಹ್ನ ಸಾಹೇಬರ ಕೋಣೆಗೆ ಕರೆಸಿದರು. ನರೆಗೂದಲಿನವಳು ಒಂದು ಬದಿ, ಕರ್ಚೀಫ್ ಸಾಹೇಬರು ಮೇಜಿನಾಚೆ. ನನಗೂ ಒಂದು ಕುರ್ಚಿ ತೋರಿಸಿದರು. ಕೂರಲಿಲ್ಲ. ಸಾಹೇಬರು ಕಾಗದವನ್ನು ನನ್ನ ಕಡೆ ತಳ್ಳಿದರು.

"ದೊಡ್ಡ ವಿಷಯ ಏನಲ್ಲಮ್ಮ. ಲ್ಯಾಬ್ ಅಂದ ಮೇಲೆ ತಪ್ಪು ಆಗುತ್ತೆ. ತಪ್ಪಿಗೆ ಕಾರಣ ಬರೀಬೇಕು, ಹೇಗೆ ಸರಿ ಮಾಡ್ತೀವಿ ಅಂತ ಬರೀಬೇಕು, ಅಷ್ಟಾದ್ರೆ ಪ್ರಮಾಣಪತ್ರ ಬರುತ್ತೆ. ಇಲ್ಲೊಂದು ಹೆಬ್ಬೆಟ್ಟು ಒತ್ತು. ಕೆಲಸದಿಂದ ತೆಗೆಯಲ್ಲ. ತರಬೇತಿ ಕೊಡಿಸ್ತೀವಿ. ಗ್ಲೌಸೂ ಬರುತ್ತೆ."

ನಾನು ಕಾಗದ ಎತ್ತಿಕೊಂಡು ಓದಿದೆ. ಅವರು ಅದನ್ನು ನಿರೀಕ್ಷಿಸಿರಲಿಲ್ಲ. ಕೂಡಿಸಿ ಕೂಡಿಸಿ ಕೊನೆಯವರೆಗೂ ಓದಿದೆ. ಕಾರಣ ಎಂಬ ಕಾಲಮ್ಮಿನಲ್ಲಿ 'ತೊಳೆಯುವ ಕೆಲಸದವಳ ಅಜ್ಞಾನ' ಎಂದಿತ್ತು.

"ನೀವೇ ಹೇಳಿದ್ರಲ್ಲ ಸರ್. ಬೇರೆ ಇಡು ಅಂದ್ರಿ. ಮಷಿನ್ನಿಗೆ ಹಾಕ್ಬೇಡ ಅಂದ್ರಿ. ಜಾಲಿಸ್ಲಾ ಅಂತ ಕೇಳ್ದೆ, ಹಾಗೇ ಮುಚ್ಚಿಡು ಅಂದ್ರಿ."

"ನಾನು ಹಾಗೆ ಹೇಳಿದ್ದು ನನಗೆ ನೆನಪಿಲ್ಲ."

"ನನಗಿದೆ."

ನರೆಗೂದಲಿನವಳು ಅವರನ್ನೇ ನೋಡುತ್ತಿದ್ದಳು. ಸಾಹೇಬರ ಕೈ ಕರ್ಚೀಫನ್ನು ಮಡಿಸಿತು, ಬಿಚ್ಚಿತು.

"ಬ್ಲೀಚಿಂಗ್ ಹುಳ ಕೊಲ್ಲುತ್ತೆ ಅಂತ ನಿಮಗೆ ಗೊತ್ತಿರ್ಲಿಲ್ವಾ ಸರ್? ನೀವು ಅದನ್ನೇ ಓದಿದವರು. ನಾಲ್ಕು ವರ್ಷ ನಮ್ಮ ಓಣಿ ನೀರು ಒಂದ್ಸಲಾನೂ ಕೆಡ್ಲಿಲ್ಲ ಅಂತ ಸಹಿ ಹಾಕಿದ್ರಲ್ಲ. ಒಂದು ದಿನಾನೂ ಅನುಮಾನ ಬರ್ಲಿಲ್ವಾ?"

ಅವರು ಕರ್ಚೀಫನ್ನು ಮೇಜಿನ ಮೇಲಿಟ್ಟರು. ಆಮೇಲೆ ಹೇಳಿದರು. "ದೇವರಾಣೆ ಹೇಳ್ತೀನಿ. ನಾನು ಆ ಬಗ್ಗೆ ಯೋಚನೇನೇ ಮಾಡಿರ್ಲಿಲ್ಲ."

ಅದು ನಿಜ ಎಂದು ನನಗೆ ಗೊತ್ತಾಯಿತು. ಬೇಕೆಂದೇ ಮೋಸ ಮಾಡಿದ್ದರೆ ನಾವು ಇದ್ದೇವೆ ಎಂದಾದರೂ ಅವರಿಗೆ ಗೊತ್ತಿರುತ್ತಿತ್ತು. ಇವರಿಗೆ ನಮ್ಮ ವಾಸನೆ ಮಾತ್ರ ಗೊತ್ತಿತ್ತು. ಅದನ್ನು ತಡೆಯಲು ಬ್ಲೀಚಿಂಗ್ ಹಾಕಿಸಿದರು, ಮರೆತರು.

ನಾನು ನರೆಗೂದಲಿನವಳ ಕಡೆ ತಿರುಗಿದೆ. "ಅಮ್ಮ, ಹಳೇ ವರದಿಗಳನ್ನ ಏನು ಮಾಡ್ತೀರಿ? ನನ್ನ ತಂಗಿ ಮಗು ಸತ್ತ ತಿಂಗಳದ್ದು ಒಂದಿದೆ. ನೀರು ಚೆನ್ನಾಗಿದೆ, ತಾಯಿ ಕೊಳಕು ಅಂತ ಆ ವರದಿ ನೋಡ್ಕೊಂಡು ಬರೆದಿದ್ದಾರೆ. ಅದು ಸುಳ್ಳು ಅಂತ ಬರೀತೀರಾ?"

ಅವಳು ಕಣ್ಣು ತಗ್ಗಿಸಿದಳು. "ಹಳೇ ವರದಿ ನಮ್ಮ ವ್ಯಾಪ್ತಿಗೆ ಬರಲ್ಲ. ನಾವು ಬಂದಿರೋದು ಮುಂದಕ್ಕೆ ಲ್ಯಾಬ್ ಸುಧಾರಿಸ್ಲಿ ಅಂತ."

"ಸುಧಾರಿಸ್ಲಿ. ಬೇಡ ಅಂದೋರು ಯಾರು? ಅವಳ ಮೇಲೆ ಬರೆದಿದ್ದನ್ನ ಯಾರು ಅಳಿಸ್ತಾರೆ?"

ಸಾಹೇಬರು ಶಾಯಿಯ ಡಬ್ಬಿ ತೆರೆದು ಮುಂದಿಟ್ಟರು. ನಾನು ಅದನ್ನು ಸರಿಸಿ ಅವರ ಮುಂದೆ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡೆ. ಕಾರಣ ಎಂಬಲ್ಲಿ ಅವರು ಬರೆದದ್ದನ್ನು ಹೊಡೆದು ಹಾಕಿದೆ. ಕೆಳಗೆ ಬರೆದೆ. ಅಕ್ಷರ ದೊಡ್ಡ ದೊಡ್ಡದಾಗಿ ಬಂದವು, ಕಾಲಮ್ಮಿನ ಗೆರೆ ದಾಟಿ ಹೋದವು. 'ನಮ್ಮ ಓಣಿ ಅಂದ್ರೆ ಇವರಿಗೆ ಅಸಹ್ಯ. ಅದಕ್ಕೆ ಬಾಟಲಿ ಬೇರೆ ಮಾಡಿಸಿದರು. ನಾನು ಸುಮ್ಮನೆ ಮಾಡಿದೆ. ಮಗು ಸತ್ತಿತು.' ಅದರ ಕೆಳಗೆ ಸಹಿ ಹಾಕಿದೆ.

"ಏನು ಮಾಡ್ತಿದ್ದೀಯ? ಅದು ಸರ್ಕಾರಿ ಕಾಗದ!" ಸಾಹೇಬರು ಮೊದಲ ಸಲ ಗದರಿದರು. ಕಿತ್ತುಕೊಳ್ಳಲು ಕೈ ಚಾಚಿದರು. ಅಷ್ಟರಲ್ಲಿ ನರೆಗೂದಲಿನವಳು ಅದನ್ನು ತೆಗೆದು ತನ್ನ ಬಟ್ಟೆಯ ಚೀಲಕ್ಕೆ ಹಾಕಿಕೊಂಡಿದ್ದಳು. ಮುಂದೆ ಅದನ್ನು ಏನು ಮಾಡಿದಳೋ ನನಗೆ ಗೊತ್ತಿಲ್ಲ. ಪ್ರಯೋಗಾಲಯಕ್ಕೆ ಪ್ರಮಾಣಪತ್ರ ಬಂತು ಎಂದು ಆಮೇಲೆ ಕೇಳಿದೆ.

"ಇವತ್ತಿನ ಹಳದಿಗಾದ್ರೂ ಒಂದು ಚೀಟಿ ಬರೆದು ಕೊಡಿ" ಎಂದೆ.

ಅವಳು ತನ್ನ ಪುಸ್ತಕದಿಂದ ಒಂದು ಹಾಳೆ ಹರಿದಳು. ಓಣಿಯ ನಲ್ಲಿ, ತಾರೀಖು, ಐದಕ್ಕೆ ಐದು, ಕುಡಿಯಲು ಯೋಗ್ಯವಲ್ಲ. ಸಹಿ ಮಾಡಿದಳು. "ಮೇಡಂ, ಸೀಲ್ ಇಲ್ದೆ ಅದಕ್ಕೆ ಬೆಲೆ ಇಲ್ಲ" ಎಂದರು ಸಾಹೇಬರು. ಅವಳು ಕೊಟ್ಟಳು, ನಾನು ತೆಗೆದುಕೊಂಡೆ. ನಾಳೆಯಿಂದ ಬರಬೇಡ ಎಂದು ಸಾಹೇಬರು ಹೇಳುತ್ತಿದ್ದರು. ಪೂರ್ತಿ ಕೇಳಿಸಿಕೊಳ್ಳಲು ನಾನು ನಿಲ್ಲಲಿಲ್ಲ.

ತಂಗಿ ಮನೆಯ ಮುಂದೆ ಕೂತು ಪ್ಲಾಸ್ಟಿಕ್ಕು, ಕಾಗದ ಬೇರೆ ಬೇರೆ ಮಾಡುತ್ತಿದ್ದಳು. ಮಗಳು ಶಾಲೆಯಿಂದ ಬಂದು ಹೊಸ್ತಿಲ ಮೇಲೆ ಕೂತಿದ್ದಳು. ನಾನು ತಂಗಿಯ ಎದುರು ಕುಕ್ಕರಗಾಲಲ್ಲಿ ಕೂತೆ. ಬ್ಲೀಚಿಂಗ್ ಪುಡಿಯಿಂದ ಹಿಡಿದು ಎಲ್ಲ ಹೇಳಿದೆ. ಎರಡು ಚಮಚ ಹಾಕಿದ್ದನ್ನೂ ಹೇಳಿದೆ. ಅವಳ ಕೈ ನಿಂತಿತು.

"ಚೀಟಿ ಓದು."

ಓದಿದೆ.

"ಇನ್ನೊಂದ್ಸಲ ಓದು."

ಓದಿದೆ. ಅವಳು ಅಳುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಹೊಡೆಯಲಿ ಎಂದು ಮುಖ ಮುಂದೆ ಮಾಡಿಕೊಂಡೇ ಕೂತಿದ್ದೆ. ಅವಳು ನನ್ನನ್ನು ನೋಡಲೇ ಇಲ್ಲ.

"ನಾನೇ ಕುಡಿಸ್ದೆ ಅಕ್ಕ. ಭೇದಿ ಆದಷ್ಟೂ ನೀರು ಕೊಡಿ ಅಂದಿದ್ರು. ಚಮಚ ಚಮಚ ಕುಡಿಸ್ದೆ. ಅದೇ ನೀರು."

"ನಿನ್ನ ತಪ್ಪಲ್ಲ ಕಣೇ."

"ಅದನ್ನ ನೀನು ಹೇಳ್ಬೇಡ." ದನಿ ಏರಿಸಲಿಲ್ಲ. "ನಿನಗೆ ಯಾವತ್ತು ಗೊತ್ತಾಯ್ತು?"

"ಸೋಮವಾರ ಅನುಮಾನ ಬಂತು."

"ಇವತ್ತು ಬುಧವಾರ. ನಮ್ಮನೇಲಿ ನೀರು ಕಾಯಿಸ್ದೆ. ಓಣಿಯೋರು ಎರಡು ದಿನ ಏನು ಕುಡಿದ್ರು?"

ನಾನು ಆ ಬಗ್ಗೆ ಯೋಚನೆಯೇ ಮಾಡಿರಲಿಲ್ಲ. ಹಾಗೆ ಹೇಳಲು ಬಾಯಿ ತೆರೆದೆ. ಆ ಮಾತನ್ನು ಮಧ್ಯಾಹ್ನವಷ್ಟೇ ಯಾರ ಬಾಯಲ್ಲಿ ಕೇಳಿದ್ದೆ ಎಂದು ನೆನಪಾಗಿ ಬಾಯಿ ಮುಚ್ಚಿದೆ.

ತಂಗಿ ಎದ್ದಳು. ಮಗಳಿಗೆ, "ಒಳಗಿರು, ಬಂದು ನಾನೇ ಊಟ ಹಾಕ್ತೀನಿ" ಎಂದಳು. ಹುಡುಗಿ ನನ್ನ ಮುಖ ನೋಡಿದಳು. "ಅಲ್ಲೇನು ನೋಡ್ತೀಯ? ನಿನ್ನಮ್ಮ ನಾನು" ಎಂದಳು. ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ನಲ್ಲಿಯ ಕಡೆ ನಡೆದಳು.

ಸಂಜೆಯ ನೀರು ಬಿಡುವ ಹೊತ್ತು. ಮೂವತ್ತು ಕೊಡಗಳ ಸಾಲು. ಎರಡು ವರ್ಷದಿಂದ ತಂಗಿ ಆ ಸಾಲಿಗೆ ಬಂದಿರಲಿಲ್ಲ. ಅವಳನ್ನು ಕಂಡು ಹೆಂಗಸರು ಮಾತು ನಿಲ್ಲಿಸಿದರು. ಒಬ್ಬಳು ತನ್ನ ಕೂಸನ್ನು ಸೊಂಟದ ಇನ್ನೊಂದು ಬದಿಗೆ ಸರಿಸಿಕೊಂಡಳು. ತಂಗಿ ಸಾಲಿನ ಉದ್ದಕ್ಕೂ ನಡೆದು ಹೋಗಿ, ತುಂಬುತ್ತಿದ್ದ ಕೊಡವನ್ನು ಕಾಲಿನಿಂದ ಉರುಳಿಸಿ, ನಲ್ಲಿ ತಿರುಗಿಸಿ ನಿಲ್ಲಿಸಿದಳು.

"ಯಾಕೆ, ತಲೆ ಕೆಟ್ಟಿದ್ಯೇನೇ ನಿನಗೆ?" ಕೊಡದವಳು ಮೇಲೆ ಬಿದ್ದಳು.

"ಕೆಟ್ಟಿಲ್ಲ. ಈ ನೀರು ಕೆಟ್ಟಿದೆ. ಇದರಲ್ಲಿ ಹೇಲಿದೆ. ನನ್ನ ಮಗು ಸತ್ತಿದ್ದು ಇದರಿಂದ. ನನ್ನ ಕೈಯಿಂದಲ್ಲ." ಚೀಟಿ ಎತ್ತಿ ಹಿಡಿದಳು. "ಬರೆದು ಕೊಟ್ಟಿದ್ದಾರೆ."

ಗಲಾಟೆ ಎದ್ದಿತು. ಎಂಟು ತಿಂಗಳ ಹಿಂದೆ ಗಂಡನನ್ನು ಕಳೆದುಕೊಂಡವಳೊಬ್ಬಳು ನೆಲಕ್ಕೆ ಕುಸಿದಳು. ಅವನಿಗೂ ಭೇದಿಯೇ ಆಗಿತ್ತು. ಹಾಗಾದರೆ ಇಷ್ಟು ವರ್ಷ ನೀರು ಚೆನ್ನಾಗಿದೆ ಎಂದವರು ಯಾರು ಎಂದು ಯಾರೋ ಕೂಗಿದರು. ತಂಗಿ ನನ್ನ ಕಡೆ ಬೆರಳು ಮಾಡಿದಳು. ಎಲ್ಲರೂ ತಿರುಗಿದರು. ನನ್ನ ಮುಖದ ಮೇಲೆ ಉಗುಳು ಬಿತ್ತು. ಒರೆಸಿಕೊಳ್ಳಲಿಲ್ಲ.

ಒಬ್ಬಳು ಮುದುಕಿ ಖಾಲಿ ಕೊಡ ಹಿಡಿದು ಮುಂದೆ ಬಂದಳು. ಅವಳಿಗೆ ಯಾರ ಮೇಲೂ ಸಿಟ್ಟಿದ್ದ ಹಾಗಿರಲಿಲ್ಲ. "ಅದೆಲ್ಲ ಸರಿ ತಾಯಿ. ಈಗ ನಾವೇನು ಕುಡಿಯೋಣ?"

ಗದ್ದಲ ತಣ್ಣಗಾಯಿತು. ಆ ಓಣಿಯಲ್ಲಿ ಬೇರೆ ನಲ್ಲಿ ಇಲ್ಲ. ಕುದಿಸಲು ಎಲ್ಲರ ಮನೆಯಲ್ಲೂ ಉರುವಲಿಲ್ಲ.

"ಅವರೇನು ಕುಡೀತಾರೋ ಅದನ್ನೇ" ಎಂದಳು ತಂಗಿ. "ಕೊಡ ಎತ್ಕೊಳ್ಳಿ. ಮೇಲಕ್ಕೆ ನಡೀರಿ, ಲ್ಯಾಬಿಗೆ."

"ಮೇಲೆ ನಮ್ಮನ್ನ ಒಳಗೆ ಬಿಡ್ತಾರಾ?"

"ಬಿಡಲ್ಲ."

ಅಷ್ಟು ಹೇಳಿ ಅವಳು ನಡೆಯತೊಡಗಿದಳು. ಮೊದಲು ಮುದುಕಿ ಹೊರಟಳು. ಆಮೇಲೆ ಒಬ್ಬೊಬ್ಬರಾಗಿ ಕೊಡಗಳು ಎದ್ದವು. ನನ್ನ ಮೇಲೆ ಉಗುಳಿದವಳು ದಾರಿಗಡ್ಡ ನಿಂತು, "ಇವಳು ಬರೋದು ಬೇಡ" ಎಂದಳು. ತಂಗಿ ನಿಂತಳು. ತಿರುಗಲಿಲ್ಲ.

"ಬರ್ಲಿ. ಯಾರು ಹೇಳಿದ್ರು, ಏನು ಹೇಳಿದ್ರು, ಎಲ್ಲ ಅವಳಿಗೇ ಗೊತ್ತಿರೋದು. ಅಲ್ಲಿ ನಿಂತು ಹೇಳ್ಬೇಕಲ್ಲ."

ಮತ್ತೆ ನಡೆದಳು. ಯಾರೋ ಒಂದು ಖಾಲಿ ಕೊಡವನ್ನು ನನ್ನ ಕೈಗೆ ತುರುಕಿದರು. ಸೊಂಟಕ್ಕಿಟ್ಟುಕೊಂಡು, ಎಲ್ಲರ ಹಿಂದೆ, ನಾನೂ ಏರು ಹತ್ತಿದೆ.